ಬಿಟ್ಟ ಹೋತವೂ ಬಲಿಪಶುವೂ: ‘ಸ್ಕೇಪ್‌ಗೋಟ್’ ಎಂಬ ಪದದ ಬಗ್ಗೆ ಒಂದು ವಿಮರ್ಶೆ

ತಪಸ್ಸುಕಾಲದ ಪ್ರಬೋಧನೆಗಳಲ್ಲಿ, ಅದರಲ್ಲೂ ಶುಭ ಶುಕ್ರವಾರದ ಧ್ಯಾನಗಳಲ್ಲಿ, ‘ಕ್ರಿಸ್ತರು ನಮಗಾಗಿ ಬಲಿಪಶುವಾದರು’ ಎಂಬ ಮಾತು ನಮ್ಮ ಧರ್ಮಕೇಂದ್ರಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದೇ ವಾರದ ದಿನಪತ್ರಿಕೆಯಲ್ಲಿ ‘ಹಗರಣದಲ್ಲಿ ಕಿರಿಯ ಅಧಿಕಾರಿ ಬಲಿಪಶು’ ಎಂಬ ಶೀರ್ಷಿಕೆಯೂ ಇರುತ್ತದೆ. ಎರಡೂ ಕಡೆ ಪದ ಒಂದೇ. ಎರಡೂ ಕಡೆ ಅದರ ಹಿಂದೆ ನಿಂತಿರುವುದು ಬಹುಮಟ್ಟಿಗೆ ‘ಸ್ಕೇಪ್‌ಗೋಟ್’ ಎಂಬ ಇಂಗ್ಲಿಷ್ ಪದ. ಗುರುಮಠದ ತರಗತಿಗಳಲ್ಲಿ ಫ್ರೆಂಚ್ ಚಿಂತಕ ರೆನೆ ಜಿರಾರ್ ಅವರ ಸಿದ್ಧಾಂತವನ್ನು ಪಾಠ ಮಾಡುವಾಗಲೂ ನಾವು ಇದೇ ಕನ್ನಡ ಪದವನ್ನು ಬಳಸುತ್ತೇವೆ. ಈ ಅನುವಾದ ಸರಿಯೇ ಎಂದು ಕೇಳುವ ಗೋಜಿಗೆ ನಾವು ಹೋಗುವುದು ಕಡಿಮೆ.

ಇದು ನಿಘಂಟುಕಾರರಿಗೆ ಬಿಟ್ಟ ವಿಷಯವೆಂದು ಕೆಲವರು ಹೇಳಬಹುದು. ನಾವು ಹಾಗೆ ಎಣಿಸುವುದಿಲ್ಲ. ಒಂದು ಪ್ರಾಣಿಯ ಹೆಸರನ್ನು ಮನುಷ್ಯನಿಗೆ, ಅದಕ್ಕಿಂತಲೂ ಹೆಚ್ಚಾಗಿ ಮನುಷ್ಯರಾದ ದೇವಪುತ್ರರಿಗೆ, ಅನ್ವಯಿಸುವಾಗ ಆ ಪ್ರಾಣಿಗೆ ಏನು ಮಾಡಲಾಯಿತು, ಯಾರು ಮಾಡಿದರು, ಏಕೆ ಮಾಡಿದರು ಎಂಬ ಕಥೆಯನ್ನೂ ಅವರಿಗೆ ಅನ್ವಯಿಸುತ್ತೇವೆ. ಕಥೆ ತಪ್ಪಿದರೆ ಬೋಧನೆಯೂ ತಪ್ಪುತ್ತದೆ. ಆ ಬೋಧನೆಯನ್ನು ಕೇಳುತ್ತ ಕುಳಿತವರಲ್ಲಿ ನಿಜವಾಗಿಯೂ ಇತರರ ತಪ್ಪನ್ನು ಹೊತ್ತವರು ಇದ್ದರೆ, ಆ ತಪ್ಪು ಅವರ ಬೆನ್ನಿನ ಮೇಲೆ ಮತ್ತೊಂದು ಹೊರೆಯಾಗುತ್ತದೆ.

1. ಪದದ ಹುಟ್ಟು

‘ಸ್ಕೇಪ್‌ಗೋಟ್’ ಜನರ ಬಾಯಲ್ಲಿ ತಾನಾಗಿ ಹುಟ್ಟಿದ ಪದವಲ್ಲ. ಬೈಬಲ್ ಅನುವಾದಕನೊಬ್ಬನು ಕಟ್ಟಿದ ಪದ. ವಿಲಿಯಂ ಟಿಂಡೇಲ್ 1530ರಲ್ಲಿ ಮೋಶೆಯ ಐದು ಗ್ರಂಥಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದನು. ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಬರುವ ‘ಅಜಾಜೇಲ’ ಎಂಬ ಹೀಬ್ರೂ ಪದ ಅವನಿಗೆ ಎದುರಾಯಿತು. ಇದು ಅಡವಿಯ ದುಷ್ಟಶಕ್ತಿಯೊಂದರ ಹೆಸರೋ, ಕಡಿದಾದ ಸ್ಥಳವೊಂದರ ಹೆಸರೋ, ಅಥವಾ ‘ಹೋಗುವ ಆಡು’ ಎಂಬ ಅರ್ಥದ ಎರಡು ಪದಗಳ ಕೂಟವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಎಪ್ಪತ್ತರ ಗ್ರೀಕ್ ಅನುವಾದವೂ ಸಂತ ಜೆರೋಮರ ಲತೀನ್ ಅನುವಾದವೂ ಮೂರನೆಯ ದಾರಿಯನ್ನು ಹಿಡಿದಿದ್ದವು. ಲತೀನಿನಲ್ಲಿ ಅದು ‘ಕಾಪೆರ್ ಎಮಿಸ್ಸಾರಿಯುಸ್’, ಎಂದರೆ ಹೊರಕಳುಹಿಸಿದ ಹೋತ. ಟಿಂಡೇಲನೂ ಅದನ್ನೇ ಅನುಸರಿಸಿದನು. ‘ಎಸ್ಕೇಪ್’ ಎಂಬುದರ ಮೊಟಕು ರೂಪವಾದ ‘ಸ್ಕೇಪ್’ ಅನ್ನು ‘ಗೋಟ್’ ಜೊತೆಗೆ ಸೇರಿಸಿದನು. ಪದದ ನೇರ ಅರ್ಥ ‘ಪಾರಾಗಿ ಹೋಗುವ ಹೋತ’. 1611ರ ಕಿಂಗ್ ಜೇಮ್ಸ್ ಅನುವಾದ ಈ ಪದವನ್ನು ಉಳಿಸಿಕೊಂಡಿತು. ಅಲ್ಲಿಂದ ಅದು ಇಂಗ್ಲಿಷಿನ ರಕ್ತದಲ್ಲಿ ಸೇರಿಹೋಯಿತು.

ಇತರರ ತಪ್ಪಿಗಾಗಿ ದೂಷಣೆಗೂ ದಂಡನೆಗೂ ಗುರಿಯಾದವನು ಎಂಬ ಲಾಕ್ಷಣಿಕ ಅರ್ಥ ಬೇರೂರಿದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ. ಚಿತ್ರಕಾರ ವಿಲಿಯಂ ಹೋಲ್ಮನ್ ಹಂಟ್ ಮೃತಸಮುದ್ರದ ದಂಡೆಗೆ ಹೋಗಿ, 1854ರಿಂದ 1856ರ ಅವಧಿಯಲ್ಲಿ, ಉಪ್ಪಿನ ನೆಲದಲ್ಲಿ ತತ್ತರಿಸುವ ಹೋತವೊಂದನ್ನು ಇದೇ ಹೆಸರಿನಲ್ಲಿ ಚಿತ್ರಿಸಿದನು. 1913ರಲ್ಲಿ ಜೇಮ್ಸ್ ಫ್ರೇಜರ್ ತನ್ನ ‘ದಿ ಗೋಲ್ಡನ್ ಬೌ’ ಮಾಲೆಯ ಒಂದು ಸಂಪುಟಕ್ಕೆ ಇದೇ ಪದವನ್ನು ಶೀರ್ಷಿಕೆಯಾಗಿ ಇಟ್ಟು, ಲೋಕದ ನಾನಾ ಜನಾಂಗಗಳು ಕೇಡನ್ನು ಹೊರದೂಡುವ ಆಚರಣೆಗಳನ್ನೆಲ್ಲ ಅದರ ಕೆಳಗೆ ತಂದನು. ಹೀಗೆ ಒಂದು ಗ್ರಂಥದ ಒಂದು ಅಧ್ಯಾಯದಲ್ಲಿ ಬರುವ ಒಂದು ಹೋತದ ಹೆಸರು ಮಾನವಕುಲದ ಒಂದು ದುರಭ್ಯಾಸಕ್ಕೇ ಹೆಸರಾಯಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಹೆಸರಿನ ಪ್ರಕಾರ ಅದು ಪಾರಾಗುವ ಪ್ರಾಣಿ; ಬಳಕೆಯ ಪ್ರಕಾರ ಎಲ್ಲರೂ ಪಾರಾದ ಮೇಲೆ ಸಿಕ್ಕಿಬೀಳುವ ವ್ಯಕ್ತಿ. ಇಂಗ್ಲಿಷ್ ಪದ ತನ್ನ ಮೂಲಾರ್ಥವನ್ನೇ ತಲೆಕೆಳಗು ಮಾಡಿಕೊಂಡಿದೆ. ನಮ್ಮ ಕನ್ನಡ ಬೈಬಲಿನಲ್ಲಿ ‘ಅಜಾಜೇಲ’ ಎಂಬ ಹೆಸರೇ ಉಳಿದಿರುವುದರಿಂದ, ಕನ್ನಡ ಓದುಗನು ಈ ಲಾಕ್ಷಣಿಕ ಪದವನ್ನು ಧರ್ಮಗ್ರಂಥದಲ್ಲಿ ಸಂಧಿಸುವುದೇ ಇಲ್ಲ. ಅದು ಅವನ ಬಳಿಗೆ ಇಂಗ್ಲಿಷ್ ಪತ್ರಿಕೆಯ ಮೂಲಕ, ತಲೆಕೆಳಗಾದ ಅರ್ಥದಲ್ಲಿ, ‘ಬಲಿಪಶು’ವಾಗಿ ಬರುತ್ತದೆ. ಆಮೇಲೆ ಬೋಧಕರಾದ ನಾವು ಅದನ್ನು ಕೈಹಿಡಿದು ಮರಳಿ ಬೈಬಲಿನೊಳಕ್ಕೆ ಕರೆದೊಯ್ಯುತ್ತೇವೆ.

2. ಪಠ್ಯ ಹೇಳುವುದೇನು?

ಯಾಜಕಕಾಂಡದ 16ನೆಯ ಅಧ್ಯಾಯವನ್ನು ನಿಧಾನವಾಗಿ ಓದೋಣ. ದೋಷಪರಿಹಾರಕ ದಿನದಂದು ಜನಸಮೂಹದ ಪರವಾಗಿ ಎರಡು ಹೋತಗಳನ್ನು ತರಲಾಗುತ್ತದೆ. ಚೀಟು ಹಾಕಿ ಒಂದನ್ನು ಸರ್ವೇಶ್ವರನಿಗೆ, ಇನ್ನೊಂದನ್ನು ಅಜಾಜೇಲನಿಗೆ ಎಂದು ಗೊತ್ತುಮಾಡಲಾಗುತ್ತದೆ. ಮೊದಲನೆಯದನ್ನು ದೋಷಪರಿಹಾರಕ ಬಲಿಯಾಗಿ ವಧಿಸಿ ಅದರ ರಕ್ತದಿಂದ ಪವಿತ್ರ ಸ್ಥಾನವನ್ನು ಶುದ್ಧಗೊಳಿಸಲಾಗುತ್ತದೆ. ಎರಡನೆಯದು ಜೀವಂತವಾಗಿಯೇ ಉಳಿಯುತ್ತದೆ. ಆರೋನನು ತನ್ನ ಎರಡು ಕೈಗಳನ್ನೂ ಅದರ ತಲೆಯ ಮೇಲಿಟ್ಟು ಇಸ್ರಯೇಲರ ಪಾಪಗಳನ್ನೆಲ್ಲ ಅರಿಕೆಮಾಡಿ, ಒಬ್ಬ ಮನುಷ್ಯನ ಕೈಯಲ್ಲಿ ಅದನ್ನು ಅಡವಿಗೆ ಬಿಟ್ಟುಕಳುಹಿಸುತ್ತಾನೆ.

ಈ ವಿವರಣೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ‘ಸ್ಕೇಪ್‌ಗೋಟ್’ ಬಲಿಪಶುವಲ್ಲ. ಅದೇ ಅಧ್ಯಾಯದಲ್ಲಿ ಬಲಿಪಶು ಬೇರೆ ಇದೆ. ಅದು ಮೊದಲನೆಯ ಹೋತ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಆ ವಿಧಿಯ ರಚನೆಯೇ ಕುಸಿಯುತ್ತದೆ. ಎರಡನೆಯ ಹೋತವನ್ನು ಕಡಿದಾದ ಬಂಡೆಯಿಂದ ತಳ್ಳುತ್ತಿದ್ದರೆಂಬ ವಿವರ ಮಿಷ್ನಾದ ‘ಯೋಮಾ’ ಭಾಗದಲ್ಲಿ ಬರುತ್ತದೆ. ಅದು ನಂತರದ ಸಂಪ್ರದಾಯ, ಯಾಜಕಕಾಂಡದಲ್ಲಿ ಆ ಮಾತಿಲ್ಲ.

ಎರಡನೆಯದಾಗಿ, ಆ ಹೋತವನ್ನು ಯಾರೂ ಅಪರಾಧಿ ಎಂದು ಕರೆಯುವುದಿಲ್ಲ. ಅದರ ತಲೆಯ ಮೇಲೆ ಹೇಳಲಾಗುವ ಪಾಪಗಳು ಇಸ್ರಯೇಲರ ಪಾಪಗಳೆಂದೇ ಹೇಳಲ್ಪಡುತ್ತವೆ. ಅಂದರೆ ಆ ವಿಧಿಯ ಹೃದಯದಲ್ಲಿ ಇರುವುದು ಪಾಪನಿವೇದನೆ. ಇಂದು ನಾವು ‘ಸ್ಕೇಪ್‌ಗೋಟ್’ ಎನ್ನುವ ಸಂದರ್ಭದಲ್ಲಿ ಆಗುವುದು ಇದಕ್ಕೆ ನೇರ ವಿರುದ್ಧ: ತಪ್ಪು ಮಾಡಿದವರು ತಪ್ಪೊಪ್ಪದೆ, ‘ತಪ್ಪು ಅವನದು’ ಎನ್ನುತ್ತಾರೆ. ಒಂದು ಕಡೆ ಸತ್ಯದ ಅರಿಕೆ, ಇನ್ನೊಂದು ಕಡೆ ಸುಳ್ಳಿನ ಆರೋಪ.

ಮೂರನೆಯದಾಗಿ, ಹೋತವನ್ನು ಬಿಟ್ಟುಕಳುಹಿಸುವುದಕ್ಕೆ ಹೀಬ್ರೂ ಪಠ್ಯ ಬಳಸುವ ಕ್ರಿಯಾಪದ ‘ಶಿಲ್ಲಖ್’. ಇದೇ ಕ್ರಿಯಾಪದ 14ನೆಯ ಅಧ್ಯಾಯದಲ್ಲಿ, ಕುಷ್ಠದಿಂದ ಗುಣವಾದವನ ಶುದ್ಧೀಕರಣದಲ್ಲಿ, ಎರಡು ಹಕ್ಕಿಗಳಲ್ಲಿ ಒಂದನ್ನು ಬಯಲಿನ ಕಡೆಗೆ ಹಾರಿಬಿಡುವಾಗ ಬರುತ್ತದೆ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಈ ಹಕ್ಕಿಯನ್ನೂ ಆ ಹೋತವನ್ನೂ ಒಟ್ಟಿಗೆ ಓದಿ, ಗ್ರೀಕರು ಊರಿನಿಂದ ಹೊಡೆದಟ್ಟುತ್ತಿದ್ದ ‘ಫಾರ್ಮಕೋಸ್’ ಎಂಬ ನತದೃಷ್ಟನೊಂದಿಗೆ ಅದನ್ನು ಸಮೀಕರಿಸುವುದು ಸರಿಯಲ್ಲವೆಂದು ವಾದಿಸಿದ್ದಾರೆ. ಆ ವಾದ ನಮಗೆ ಒಪ್ಪಿಗೆಯಾಗುತ್ತದೆ. ಇದೇ ಕ್ರಿಯಾಪದದಿಂದಲೇ ಫರೋಹನಿಗೆ ‘ನನ್ನ ಜನರನ್ನು ಬಿಡು’ ಎಂಬ ಆಜ್ಞೆ ಹೋಗುತ್ತದೆ. ಯೆಶಾಯನ 58ನೆಯ ಅಧ್ಯಾಯದಲ್ಲಿ ಜಜ್ಜಿಹೋದವರನ್ನು ಬಿಡುಗಡೆ ಮಾಡುವುದೇ ನಿಜವಾದ ಉಪವಾಸ ಎನ್ನುವಾಗಲೂ ಇದೇ ಪದವಿದೆ. ಆದರೆ ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಅಬ್ರಹಾಮನು ಹಾಗರಳನ್ನೂ ಅವಳ ಮಗನನ್ನೂ ಅಡವಿಗೆ ಕಳುಹಿಸಿಬಿಡುವುದೂ, ಧರ್ಮೋಪದೇಶಕಾಂಡದಲ್ಲಿ ಗಂಡನು ಹೆಂಡತಿಯನ್ನು ಬಿಟ್ಟುಬಿಡುವುದೂ ಇದೇ ಪದದಿಂದ. ಬಿಡುಗಡೆಯೂ ಕೈಬಿಡುವುದೂ ಒಂದೇ ಕ್ರಿಯಾಪದದಲ್ಲಿ ಅಡಗಿವೆ.

3. ಕನ್ನಡ ಬೇರ್ಪಡಿಸಿ ನೋಡುವುದು

ಕನ್ನಡದಲ್ಲಿ ಇದಕ್ಕೆ ಸಮನಾದ ಪದವಿಲ್ಲ ಎಂದು ಹೇಳುವುದುಂಟು. ನಮ್ಮ ಅಭಿಪ್ರಾಯ ಬೇರೆ. ಇಂಗ್ಲಿಷ್ ಒಂದೇ ಪದದಲ್ಲಿ ಗಂಟುಹಾಕಿರುವ ಮೂರು ಕ್ರಿಯೆಗಳಿಗೆ ಕನ್ನಡದಲ್ಲಿ ಮೂರು ಮಾತುಗಳಿವೆ. ಗಂಟು ಬಿಚ್ಚಿ ನೋಡಲು ನಮ್ಮ ಭಾಷೆ ಹೆಚ್ಚು ಅನುಕೂಲವಾಗಿದೆ.

ಮೊದಲನೆಯದು ವಧೆ. ಇದಕ್ಕೆ ‘ಬಲಿಪಶು’ ಇದೆ, ಜನರ ಮಾತಿನಲ್ಲಿ ‘ಹರಕೆಯ ಕುರಿ’ ಇದೆ. ಹಬ್ಬಕ್ಕೆಂದು ತಂದ ಕುರಿ ತನ್ನ ಸಾವಿನ ಅರಿವಿಲ್ಲದೆ ತೋರಣದ ತಳಿರನ್ನೇ ಮೇಯುವ ಚಿತ್ರವನ್ನು ಬಸವಣ್ಣನವರ ವಚನವೊಂದು ನಮ್ಮೆಲ್ಲರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆ ರೂಪಕದ ಬಲವಿರುವುದು ಕುರಿಯ ಅರಿಯದಿರುವಿಕೆಯಲ್ಲಿ.

ಎರಡನೆಯದು ಆರೋಪ. ಇದಕ್ಕೆ ‘ಗೂಬೆ ಕೂರಿಸುವುದು’ ಎಂಬ ಮಾತಿದೆ. ತನ್ನ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟಿದಾಗ ‘ಅವನ ತಲೆಯ ಮೇಲೆ ಗೂಬೆ ಕೂರಿಸಿದ’ ಎನ್ನುತ್ತೇವೆ. ಆಧುನಿಕ ಇಂಗ್ಲಿಷಿನ ‘ಸ್ಕೇಪ್‌ಗೋಟ್’ ಎಂಬುದರ ಲಾಕ್ಷಣಿಕ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇರೊಂದಿಲ್ಲ. ಈ ನುಡಿಗಟ್ಟಿನ ಇನ್ನೊಂದು ಗುಣವೆಂದರೆ ಇದು ಕೂರಿಸುವವನ ಮೇಲೆ ಬೆಳಕು ಚೆಲ್ಲುತ್ತದೆ. ಗೂಬೆ ತಾನಾಗಿ ಬಂದು ಕೂತಿದ್ದಲ್ಲ, ಯಾರೋ ತಂದು ಕೂರಿಸಿದ್ದು ಎಂಬ ಸಾಕ್ಷ್ಯ ಮಾತಿನೊಳಗೇ ಇದೆ. ‘ಬಲಿಪಶುವಾದ’ ಎಂದಾಗ ಮಾಡಿದವರು ವಾಕ್ಯದಿಂದಲೇ ಮರೆಯಾಗುತ್ತಾರೆ. ‘ಗೂಬೆ ಕೂರಿಸಿದರು’ ಎಂದಾಗ ಅವರು ವಾಕ್ಯದ ಕರ್ತೃವಾಗಿ ನಿಲ್ಲುತ್ತಾರೆ.

ಮೂರನೆಯದು ಬಿಡುವುದು. ಹೀಬ್ರೂವಿನ ‘ಶಿಲ್ಲಖ್’ಗೆ ಸರಿಸಾಟಿಯಾಗಿ ಕನ್ನಡದ ‘ಬಿಡು’ ನಿಲ್ಲುತ್ತದೆ. ಪಂಜರದ ಹಕ್ಕಿಯನ್ನು ಬಿಡುತ್ತೇವೆ, ಸೆರೆಯಾಳನ್ನು ಬಿಡುತ್ತೇವೆ. ಗಂಡ ಬಿಟ್ಟವಳು ಎಂದೂ ಹೇಳುತ್ತೇವೆ. ನಮ್ಮ ದೈವಶಾಸ್ತ್ರದ ಪ್ರಿಯ ಪದವಾದ ‘ಬಿಡುಗಡೆ’ಯೂ ಇದೇ ಧಾತುವಿನಿಂದ ಬಂದದ್ದು. ಆದುದರಿಂದ ಯಾಜಕಕಾಂಡದ ಎರಡನೆಯ ಪ್ರಾಣಿಯನ್ನು ‘ಬಿಟ್ಟ ಹೋತ’ ಎಂದು ಕರೆಯುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ. ಟಿಂಡೇಲನ ‘ಸ್ಕೇಪ್’ ಹೋತವೇ ತಪ್ಪಿಸಿಕೊಂಡಂತೆ ಹೇಳುತ್ತದೆ. ‘ಬಿಟ್ಟ’ ಎಂಬುದು ಬಿಟ್ಟವರನ್ನೂ ನೆನಪಿಸುತ್ತದೆ.

ಆದರೆ ಈ ಪದವನ್ನು ಕುರಿ-ಆಡುಗಳ ನಡುವೆಯೇ ಬದುಕುವ ಜನರ ಮುಂದಿಟ್ಟು ಪರೀಕ್ಷಿಸಬೇಕು. ರೋಣ, ಗಜೇಂದ್ರಗಡ ಸೀಮೆಯ ಮುಶಿಗೇರಿಯಂಥ ಊರನ್ನು ತೆಗೆದುಕೊಳ್ಳೋಣ. ಮಳೆ ಕಡಿಮೆಯಿರುವ ಈ ಭಾಗದಲ್ಲಿ ಕುರಿ, ಟಗರು, ಆಡು, ಹೋತ ಎಂಬವು ರೂಪಕಗಳಾಗುವುದಕ್ಕೆ ಮುಂಚೆ ಜೀವನೋಪಾಯ. ಅಲ್ಲಿಯ ಕುರಿಗಾಹಿಯ ಮುಂದೆ ಈ ಅಧ್ಯಾಯವನ್ನು ಓದಿದರೆ ಅವನು ಅಜಾಜೇಲನು ಯಾರೆಂದು ಕೇಳುವುದಕ್ಕಿಂತ ಮುಂಚೆ, ಅಡವಿಯಲ್ಲಿ ಒಂಟಿಯಾಗಿ ಬಿಟ್ಟ ಹೋತದ ಗತಿ ಏನಾಯಿತೆಂದು ಕೇಳಬೇಕಾದದ್ದು ಸಹಜ. ಹಿಂಡು ತಪ್ಪಿದ ಪ್ರಾಣಿಗೆ ತೋಳವಿದೆ, ಬಾಯಾರಿಕೆಯಿದೆ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವಿರುವ ಸೀಮೆಯಿದು. ಬಿಟ್ಟದ್ದರಿಂದ ಅದು ಬದುಕಿತೆಂದು ನಂಬಲು ಕುರಿಗಾಹಿ ಸಿದ್ಧನಿರಲಾರ. ಪಠ್ಯವೂ ಅವನ ಪಕ್ಷದಲ್ಲಿದೆ: ಹೋತವು ಹೋಗುವ ನಾಡನ್ನು 22ನೆಯ ವಚನ ‘ಕಡಿದುಹೋದ ನಾಡು’ ಎಂಬರ್ಥದ ಪದದಿಂದ ಕರೆಯುತ್ತದೆ, ಯೆಶಾಯನ 53ನೆಯ ಅಧ್ಯಾಯದಲ್ಲಿ ಸರ್ವೇಶ್ವರನ ದಾಸನು ಜೀವಿತರ ನಾಡಿನಿಂದ ಕಡಿದುಹೋದನೆಂದು ಹೇಳುವಾಗ ಬರುವುದೂ ಅದೇ ಧಾತು. ಹೀಗೆ ‘ಬಿಟ್ಟ ಹೋತ’ ಎಂಬ ಮಾತನ್ನು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಬಿಟ್ಟದ್ದು ಬಿಡುಗಡೆಯೋ, ಕೈಬಿಟ್ಟದ್ದೋ?

4. ದೇವರಿಗೆ ಬಿಡುವುದು

ಈ ಪ್ರಶ್ನೆ ನಮ್ಮ ನಾಡಿನಲ್ಲಿ ಪುಸ್ತಕದ ಪ್ರಶ್ನೆಯಲ್ಲ. ‘ದೇವರಿಗೆ ಬಿಡುವುದು’ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಬಹಳ ಹಳೆಯದು. ಗ್ರಾಮದೇವತೆಯ ಹೆಸರಿನಲ್ಲಿ ಕೋಣವನ್ನು ಬಿಡುತ್ತಾರೆ. ದೇವರ ಕೋಣ ಯಾರ ಹೊಲದಲ್ಲಿ ಮೇಯ್ದರೂ ಹೊಡೆಯುವವರಿಲ್ಲ. ಅದು ಸ್ವತಂತ್ರವಾಗಿದೆ ಎಂದು ನೋಡುವವರಿಗೆ ತೋರುತ್ತದೆ. ಆದರೆ ಆ ಸ್ವಾತಂತ್ರ್ಯಕ್ಕೆ ಜಾತ್ರೆಯ ದಿನದ ಗಡುವಿದೆ. ಪ್ರಾಣಿಬಲಿಯನ್ನು ತಡೆಯಲು ರಾಜ್ಯದಲ್ಲಿ 1959ರಲ್ಲೇ ಕಾನೂನು ಬಂದಿದೆ. ಬಿಡುವ ಪದ್ಧತಿ ಮಾತ್ರ ಕಾನೂನಿನಿಂದಲೇ ನಿಂತುಹೋಗುವಂಥದ್ದಲ್ಲ. ಇಲ್ಲಿ ‘ಬಿಟ್ಟ’ ಪ್ರಾಣಿಯೂ ‘ಬಲಿ’ಯ ಪ್ರಾಣಿಯೂ ಒಂದೇ.

ಹಾಗೆಯೇ ಶಿವನ ಹೆಸರಿನಲ್ಲಿ ಹೋರಿಯನ್ನು ಬಿಡುತ್ತಾರೆ. ಅದನ್ನು ‘ಬಸವ’ ಎನ್ನುತ್ತಾರೆ. ಸಂಸ್ಕೃತದ ‘ವೃಷಭ’ವೇ ಕನ್ನಡದಲ್ಲಿ ‘ಬಸವ’ವಾಗಿದೆ. ಈ ಪದಕ್ಕೆ ಸ್ತ್ರೀಲಿಂಗದ ಪ್ರತ್ಯಯ ಹಚ್ಚಿ ‘ಬಸವಿ’ ಎಂಬ ಹೆಸರನ್ನು ಕಟ್ಟಿ, ಅದನ್ನು ಹೆಣ್ಣುಮಕ್ಕಳಿಗೆ ಇಟ್ಟದ್ದು ನಮ್ಮ ಸಮಾಜ. ಬಳ್ಳಾರಿ, ಕೊಪ್ಪಳ, ಗದಗ, ಬಾಗಲಕೋಟೆ, ಬೆಳಗಾವಿಯ ಕಡೆಗಳಲ್ಲಿ ಬಡ ಕುಟುಂಬಗಳು, ಅವರಲ್ಲಿ ಬಹುಪಾಲು ದಲಿತರು, ಮನೆಯ ರೋಗವೋ ಗಂಡುಸಂತಾನವಿಲ್ಲದ ಕೊರತೆಯೋ ಹೊತ್ತ ಹರಕೆಯೋ ನೆಪವಾಗಿ ಹುಡುಗಿಯನ್ನು ‘ದೇವರಿಗೆ ಬಿಟ್ಟರು’. ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ; ಆದರೆ ಅವಳು ‘ಪವಿತ್ರಳು’. ಒಂದು ಪ್ರಾಣಿಯ ಹೆಸರಿನ ಲಾಕ್ಷಣಿಕ ಬಳಕೆ ಮನುಷ್ಯಜೀವವನ್ನು ಎಷ್ಟರಮಟ್ಟಿಗೆ ನಿರ್ಧರಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ನಮಗೆ ತಿಳಿಯದು. ರೋಣ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ 1934ರಲ್ಲಿ ದೇವದಾಸಿಯರ ರಕ್ಷಣೆಗೆ ಕಾನೂನು ಬಂತು. ಕರ್ನಾಟಕದ ನಿಷೇಧ ಕಾಯಿದೆ 1982ರದು. ಕಾನೂನಿನ ಎದುರಿಗೆ ಸೋಲದೆ ನಿಂತದ್ದು ಅರ್ಥವೊಂದೇ: ‘ದೇವರೇ ಕೇಳಿದ್ದು’ ಎಂಬ ಅರ್ಥ.

ಈ ಹಿನ್ನೆಲೆಯಲ್ಲಿ ನಮ್ಮ ಪ್ರಬೋಧನೆಯನ್ನು ಕೇಳಿಸಿಕೊಳ್ಳೋಣ. ‘ಕ್ರಿಸ್ತರು ಬಲಿಪಶುವಾದರು, ನೀನೂ ನಿನ್ನ ಕಷ್ಟವನ್ನು ಬಲಿಯಾಗಿ ಒಪ್ಪಿಸು’ ಎಂದು ನಾವು ಹೇಳುವಾಗ, ಮನೆಯವರ ಒಳಿತಿಗಾಗಿ ಬಿಡಲ್ಪಟ್ಟವಳ ಕಿವಿಗೆ ಅದು ಹೇಗೆ ಕೇಳಿಸೀತು? ಊರಿನವರು ಹೇಳಿದ್ದನ್ನೇ ದೇವಾಲಯದ ಗುರುಗಳೂ ಹೇಳುತ್ತಿದ್ದಾರೆ ಎಂದು ಕೇಳಿಸದೆ? ಭಾನಾಮತಿ ಮಾಡಿದಳೆಂಬ ಆರೋಪ ಹೊತ್ತ ವಿಧವೆಯ ಕಿವಿಗೆ ಹೇಗೆ ಕೇಳಿಸೀತು? ಕಲಬುರಗಿ, ಬೀದರಿನ ಕಡೆಗಳಲ್ಲಿ ಇಂಥ ಆರೋಪಗಳು ಕಟ್ಟುಕತೆಗಳಲ್ಲ. 2017ರ ಮೌಢ್ಯ ಪ್ರತಿಬಂಧಕ ಕಾಯಿದೆ ಇಂಥ ಪದ್ಧತಿಗಳ ಕಾರಣದಿಂದಲೇ ಬಂದದ್ದು. ಅವಳಿಗೆ ಶುಭಸಂದೇಶವಾಗಬೇಕಾದದ್ದು ‘ನೀನು ಬಲಿ’ ಎಂಬ ಮಾತಲ್ಲ. ‘ನಿನ್ನ ತಲೆಯ ಮೇಲಿರುವುದು ಅವರು ಕೂರಿಸಿದ ಗೂಬೆ’ ಎಂಬ ಮಾತು.

5. ಜಿರಾರ್ ಅವರ ಕೊಡುಗೆ ಮತ್ತು ಮಿತಿ

ಈ ಸತ್ಯವನ್ನು ನಮ್ಮ ಕಾಲಕ್ಕೆ ಬಲವಾಗಿ ಹೇಳಿದ ಶ್ರೇಯಸ್ಸು ರೆನೆ ಜಿರಾರ್ ಅವರದು. 1972ರ ‘ಹಿಂಸೆ ಮತ್ತು ಪವಿತ್ರ’ದಿಂದ 1982ರ ‘ಲೆ ಬೂಕ್ ಎಮಿಸ್ಸೇರ್’ವರೆಗೆ ಅವರ ವಾದ ಸ್ಥೂಲವಾಗಿ ಇದು: ಪರಸ್ಪರ ಸ್ಪರ್ಧೆಯಿಂದ ಒಡೆಯುವ ಸಮುದಾಯ ಒಬ್ಬನ ಮೇಲೆ ಒಮ್ಮತದಿಂದ ಎರಗಿ ಶಾಂತಿಯನ್ನು ಪಡೆಯುತ್ತದೆ, ಕೊಂದವನನ್ನು ಆಮೇಲೆ ಪೂಜಿಸುತ್ತದೆ, ಪುರಾಣಗಳು ಈ ಕೊಲೆಯನ್ನು ಮುಚ್ಚಿಡುತ್ತವೆ, ಶುಭಸಂದೇಶವಾದರೋ ಬಲಿಯಾದವನ ನಿರಪರಾಧವನ್ನು ಸಾರಿ ಅದನ್ನು ಬಯಲಿಗೆಳೆಯುತ್ತದೆ. ಜೆಸ್ವಿಟ್ ದೈವಶಾಸ್ತ್ರಜ್ಞ ರೇಮುಂಡ್ ಶ್ವಾಗರ್ ಈ ವಿಚಾರವನ್ನು ರಕ್ಷಣಾಶಾಸ್ತ್ರದೊಳಕ್ಕೆ ತಂದರು. ಒಬ್ಬನು ಸತ್ತು ಜನವೆಲ್ಲ ಉಳಿಯುವುದು ಲೇಸೆಂದ ಕಾಯಫನ ಮಾತನ್ನು ಈ ಬೆಳಕಿನಲ್ಲಿ ಓದಿದವರು ಅದನ್ನು ಸಲೀಸಾಗಿ ಓದಿ ಮುಂದೆ ಹೋಗಲಾರರು. ಸಂತ ಯೊವಾನ್ನರು ಅದನ್ನು ಪ್ರವಾದನೆಯೆಂದು ಕರೆದದ್ದು ನಿಜ. ಆದರೆ ಅವನಿಗೇ ತಿಳಿಯದಂತೆ ಅದು ಪ್ರವಾದನೆಯಾಯಿತೇ ಹೊರತು, ಅವನ ಲೆಕ್ಕಾಚಾರ ದೇವರ ಲೆಕ್ಕಾಚಾರವಾಗಲಿಲ್ಲ.

ಆದರೂ ಜಿರಾರ್ ಅವರ ವಿಚಾರವನ್ನು ನಾವು ಒಂದು ಎಚ್ಚರಿಕೆಯೊಂದಿಗೆ ಸ್ವೀಕರಿಸಬೇಕು. ಯಾಜಕಕಾಂಡದ ವಿಧಿಯೂ ದೂಷಣೆಯ ಸಾಮಾಜಿಕ ಪ್ರಕ್ರಿಯೆಯೂ ಬೇರೆಯೆಂದು ಅವರು ಬಲ್ಲರು. ಪದದ ಆಧುನಿಕ ಅರ್ಥವೇ ತಮಗೆ ಮುಖ್ಯವೆಂದು ಅವರು ಎಣಿಸುತ್ತಾರೆ. ಆದರೆ ಸಿದ್ಧಾಂತಕ್ಕೆ ಆ ಹೋತದ ಹೆಸರೇ ನಿಂತುಹೋದ ಕಾರಣ, ಓದುಗರಲ್ಲಿ ಅನೇಕರು ಯಾಜಕಕಾಂಡವನ್ನೇ ಗುಂಪುಹಿಂಸೆಯ ಕೈಪಿಡಿ ಎಂದು ಭಾವಿಸುತ್ತಾರೆ. ಇದು ಇಸ್ರಯೇಲಿಗೆ ಮಾಡುವ ಅನ್ಯಾಯ. ಯೆಹೂದ್ಯರನ್ನೇ ಶತಮಾನಗಳ ಕಾಲ ಸಕಲ ಕೇಡಿಗೂ ಹೊಣೆಮಾಡಿದ ಕ್ರೈಸ್ತಜಗತ್ತು, ಆ ದೂಷಣೆಯ ಹೆಸರನ್ನೂ ಯೆಹೂದ್ಯರ ಗ್ರಂಥದಿಂದಲೇ ತೆಗೆದುಕೊಂಡಿದೆ ಎಂಬುದನ್ನು ನಾವು ಮರೆಯಬಾರದು. ಆರೋನನ ವಿಧಿಯಲ್ಲಿ ಸಮುದಾಯ ತನ್ನ ಪಾಪವನ್ನು ತನ್ನದೆಂದೇ ಹೇಳುತ್ತದೆ. ಗುಂಪುಹಿಂಸೆ ಆರಂಭವಾಗುವುದು ಆ ಅರಿಕೆ ನಿಂತ ಕಡೆಯಲ್ಲಿ. ಪಾಪನಿವೇದನೆಯ ಸಂಸ್ಕಾರವನ್ನು ನೆರವೇರಿಸುವ ಯಾಜಕರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

6. ಎರಡು ಹೋತಗಳೂ ಒಬ್ಬ ಕ್ರಿಸ್ತರೂ

ಹಾಗಾದರೆ ಕ್ರಿಸ್ತರನ್ನು ಈ ಅಧ್ಯಾಯದೊಂದಿಗೆ ಜೋಡಿಸುವುದು ಹೇಗೆ? ಹೊಸ ಒಡಂಬಡಿಕೆ ಎಲ್ಲಿಯೂ ಅವರನ್ನು ಅಜಾಜೇಲನ ಹೋತವೆಂದು ನೇರವಾಗಿ ಕರೆಯುವುದಿಲ್ಲ. ಹಿಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಅವರು ಊರ ಬಾಗಿಲ ಹೊರಗೆ ಯಾತನೆಪಟ್ಟರೆಂದು ಹೇಳುವಾಗಲೂ ಹೋಲಿಸುವುದು ಶಿಬಿರದ ಹೊರಗೆ ಸುಡಲ್ಪಡುತ್ತಿದ್ದ ಬಲಿಪ್ರಾಣಿಗಳಿಗೆ. ಅದು ಬಿಟ್ಟ ಹೋತವಲ್ಲ. ಪಾಸ್ಕದ ಕುರಿಮರಿ, ದೋಷಪರಿಹಾರದ ಹೋತ, ಬಿಟ್ಟ ಹೋತ, ಯೆಶಾಯನ ದಾಸ ಎಂಬ ನಾಲ್ಕನ್ನೂ ಒಂದೇ ಪ್ರಬೋಧನೆಯಲ್ಲಿ ಬೆರೆಸಿ ‘ಬಲಿಪಶು’ ಎಂದುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಸಭೆಯ ಪಿತೃಗಳು ಹೆಚ್ಚು ಜಾಗರೂಕರಾಗಿದ್ದರು. ಬಾರ್ನಬರದೆಂದು ಹೇಳಲಾಗುವ ಪತ್ರ ಶಾಪಗ್ರಸ್ತವಾಗಿ ಕೆಂಪು ಉಣ್ಣೆ ಧರಿಸಿದ ಹೋತದಲ್ಲಿ ಅವಮಾನಿತ ಕ್ರಿಸ್ತರನ್ನು ಕಂಡಿತು. ಸಂತ ಜಸ್ಟಿನರು ಎರಡು ಹೋತಗಳಲ್ಲಿ ಪ್ರಭುವಿನ ಎರಡು ಆಗಮನಗಳನ್ನು ಕಂಡರು. ಒರಿಗೆನ್ ಅವರ ಓದು ಎಲ್ಲಕ್ಕಿಂತ ಬೆರಗುಗೊಳಿಸುವಂಥದ್ದು: ವಧೆಯಾದ ಹೋತ ಕ್ರಿಸ್ತರಾದರೆ, ಜೀವಂತವಾಗಿ ಬಿಡಲ್ಪಟ್ಟ ಹೋತ ಬರಬ್ಬ. ಪಿಲಾತನ ಅಂಗಳದಲ್ಲಿ ಇಬ್ಬರನ್ನು ನಿಲ್ಲಿಸಲಾಯಿತು. ಒಬ್ಬನನ್ನು ಬಿಡಲಾಯಿತು, ಒಬ್ಬರನ್ನು ಕೊಲ್ಲಲಾಯಿತು.

ಆದರೆ ಆ ಅಂಗಳದಲ್ಲಿ ಪಾಪದ ಅರಿಕೆ ಇರಲಿಲ್ಲ. ಪಿಲಾತನು ಕೈತೊಳೆದುಕೊಂಡನು, ಆರೋನನು ತನ್ನ ಕೈಗಳನ್ನು ಹೋತದ ತಲೆಯ ಮೇಲಿಟ್ಟು ಪಾಪ ನಮ್ಮದೆಂದಿದ್ದನು. ಶಿಲುಬೆಯಲ್ಲಿ ದೇವರು ಒಂದು ಬಲಿಪಶುವನ್ನು ಕೇಳಿ ಪಡೆದರೆಂದು ಹೇಳುವುದು ಈ ಕಾರಣದಿಂದ ಅಪೂರ್ಣ ಮಾತು. ನಾವು ಬಲಿಯನ್ನು ನಿರಾಕರಿಸುತ್ತಿಲ್ಲ. ಬಲಿಪೂಜೆಯನ್ನು ದಿನವೂ ಅರ್ಪಿಸುವವರು ಅದನ್ನು ನಿರಾಕರಿಸಲಾಗದು. ಆದರೆ ಬಲಿ ಬೇರೆ, ಬಲಿಪಶು ಬೇರೆ. ಹರಕೆಯ ಕುರಿಗೆ ತನ್ನ ಸಾವಿನ ಅರಿವಿಲ್ಲ, ಒಪ್ಪಿಗೆಯಿಲ್ಲ. ತಮ್ಮ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾವೇ ಅದನ್ನು ಕೊಡುವುದಾಗಿ ಯೇಸುಕ್ರಿಸ್ತರು ಯೊವಾನ್ನರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಗುಂಪು ಅವರನ್ನು ಬಲಿಪಶು ಮಾಡಲು ಹೊರಟಿತು. ಅವರು ಆತ್ಮಾರ್ಪಣೆ ಮಾಡಿದರು. ಗುಂಪಿನ ಕೃತ್ಯವನ್ನೂ ಅವರ ಕೃತ್ಯವನ್ನೂ ಒಂದೇ ಪದದಲ್ಲಿ ಹೇಳಿದರೆ ಗುಂಪಿನ ಪಾಪ ಪವಿತ್ರವಾಗಿಬಿಡುತ್ತದೆ.

ಇನ್ನು ಬಿಟ್ಟ ಹೋತದ ವಿಷಯ. ಯಾಜಕಕಾಂಡದ 16ನೆಯ ಅಧ್ಯಾಯದ 26ನೆಯ ವಚನದಲ್ಲಿ ಗ್ರೀಕ್ ಅನುವಾದವು ಹೋತವನ್ನು ‘ಆಫೆಸಿಸ್’ಗಾಗಿ ಪ್ರತ್ಯೇಕಿಸಿದ್ದು ಎನ್ನುತ್ತದೆ. ಆಫೆಸಿಸ್ ಎಂದರೆ ಬಿಡುವುದು, ಬಿಡುಗಡೆ. 25ನೆಯ ಅಧ್ಯಾಯದ ಜೂಬಿಲಿ ವರ್ಷದ ವಿಮೋಚನೆಗೂ ಗ್ರೀಕಿನಲ್ಲಿ ಅದೇ ಪದ. ಆ ವರ್ಷದ ಕೊಂಬನ್ನು ಊದುವುದು ಕೂಡ ಇದೇ ದೋಷಪರಿಹಾರಕ ದಿನದಂದು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ತಮ್ಮ ಸೇವೆಯನ್ನು ಘೋಷಿಸುವಾಗ ಸೆರೆಯಲ್ಲಿರುವವರಿಗೂ ಜಜ್ಜಿಹೋದವರಿಗೂ ಸಾರುವುದು ಇದೇ ಆಫೆಸಿಸ್. ಕಡೆಯ ಭೋಜನದಲ್ಲಿ ಪಾನಪಾತ್ರೆಯನ್ನು ಕೈಗೆತ್ತಿಕೊಂಡು ಪಾಪಕ್ಷಮೆ ಎನ್ನುವಾಗಲೂ, ಮತ್ತಾಯರ ಗ್ರೀಕಿನಲ್ಲಿ, ಇದೇ ಪದ. ಹೀಗೆ ಅಡವಿಗೆ ಹೋದ ಹೋತದಿಂದ ನಮ್ಮ ಬಲಿಪೀಠದವರೆಗೆ ಒಂದೇ ಎಳೆ ಹರಿದುಬಂದಿದೆ. ಪಾಪಕ್ಷಮೆಯೆಂದರೆ ಪಾಪವನ್ನು ದೂರಕ್ಕೆ ಬಿಡುವುದು, ಪಾಪಿಯನ್ನು ಬಿಡುಗಡೆ ಮಾಡುವುದು; ಮನುಷ್ಯನನ್ನು ಅಡವಿಗೆ ಬಿಡುವುದಲ್ಲ. ಹಾಗರಳು ಬಿಡಲ್ಪಟ್ಟ ಅಡವಿಯಲ್ಲೇ ದೇವರು ಅವಳ ಮಗನ ಕೂಗನ್ನು ಕೇಳಿದರು. ಹಿಬ್ರಿಯರ ಪತ್ರ ನಮ್ಮನ್ನು ಕರೆಯುವುದೂ ಶಿಬಿರದ ಹೊರಗಿರುವ ಪ್ರಭುವಿನ ಬಳಿಗೆ. ನಾವು ಬಿಟ್ಟವರ ಕಡೆಗೆ ದೇವರು ಮೊದಲೇ ಹೋಗಿದ್ದಾರೆ.

7. ಬೋಧಕರ ಮುಂದಿರುವ ಕೆಲಸ

ಕೊನೆಯಲ್ಲಿ, ಪ್ರಬೋಧನೆಯ ಹೊಣೆ ಹೊತ್ತವರಿಗೂ ಅದಕ್ಕೆ ಸಿದ್ಧರಾಗುತ್ತಿರುವವರಿಗೂ ಮೂರು ಸಲಹೆಗಳನ್ನು ಮುಂದಿಡುತ್ತೇವೆ.

ಯಾಜಕಕಾಂಡವನ್ನು ವಿವರಿಸುವಾಗ ‘ಬಿಟ್ಟ ಹೋತ’ ಎನ್ನೋಣ. ಬಲಿಯಾದ ಹೋತವನ್ನೂ ಅದನ್ನೂ ಬೇರೆಯಾಗಿಯೇ ಇಡೋಣ. ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವ ಸಮಾಜದ ಚಾಳಿಯನ್ನು ಖಂಡಿಸುವಾಗ ‘ಗೂಬೆ ಕೂರಿಸುವುದು’ ಎಂಬ ಮಾತಿಗೆ ಬೋಧನಾಪೀಠದಲ್ಲಿ ಜಾಗ ಕೊಡೋಣ. ಅದು ಗ್ರಾಂಥಿಕವಲ್ಲವೆಂದು ಹಿಂಜರಿಯಬೇಕಾಗಿಲ್ಲ. ಹೆರೋದನನ್ನು ನರಿಯೆಂದು ಕರೆದ ಪ್ರಭುವಿನ ಮಾತೂ ಗ್ರಾಂಥಿಕವಾಗಿರಲಿಲ್ಲ. ಮೂರನೆಯದಾಗಿ, ಕ್ರಿಸ್ತರ ಬಗ್ಗೆ ‘ಬಲಿಪಶು’ ಎಂಬ ಪದವನ್ನು ಬಳಸಲೇಬೇಕಾದರೆ, ಅವರನ್ನು ಹಾಗೆ ಮಾಡಲು ಹೊರಟವರು ಯಾರೆಂದೂ ಅವರು ಅದನ್ನು ಏನಾಗಿ ಬದಲಿಸಿದರೆಂದೂ ಅದೇ ಉಸಿರಿನಲ್ಲಿ ಹೇಳೋಣ.

ಪದಗಳನ್ನು ತಿದ್ದಿದ ಮಾತ್ರಕ್ಕೆ ಜನರ ನಡತೆ ಬದಲಾಗುವುದೇ ಎಂಬ ಆಕ್ಷೇಪಣೆ ಬರಬಹುದು. ಬದಲಾಗುವುದಿಲ್ಲ. ಆದರೆ ‘ದೇವರಿಗೆ ಬಿಟ್ಟದ್ದು’ ಎಂಬ ಎರಡು ಪದಗಳಿಲ್ಲದೆ ಹೋಗಿದ್ದರೆ ತಲೆತಲಾಂತರದ ಹುಡುಗಿಯರನ್ನು ಬಿಡುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಪದಗಳು ಪಾಪವನ್ನು ಮುಚ್ಚಬಲ್ಲವಾದರೆ ಅದನ್ನು ತೆರೆಯಲೂ ಬಲ್ಲವು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಜಗಳವಾದಾಗ ಒಂದು ಕುಟುಂಬವನ್ನು, ಒಂದು ಜಾತಿಯವರನ್ನು, ಒಬ್ಬ ಉಪದೇಶಿಯನ್ನು ಹೊಣೆಮಾಡಿ ಉಳಿದವರು ನೆಮ್ಮದಿ ಪಡೆಯುವುದಿದೆ. ಅಂಥ ಕಡೆ ಯಾಜಕನ ಕೆಲಸ ಕಾಯಫನ ಲೆಕ್ಕವನ್ನು ಒಪ್ಪಿಸುವುದಲ್ಲ. ಆರೋನನಂತೆ ಸಭೆಯ ಮುಂದೆ ನಿಂತು, ಈ ಪಾಪ ನಮ್ಮದು ಎಂದು ಮೊದಲು ಹೇಳುವುದು.